ಊರುಕಾಗೆ: ದಕ್ಷಿಣ ಬೆಂಗಳೂರಿನ ಬೂದುಗತ್ತಿನ ಬಳಗ

ಊರುಕಾಗೆ ಕಾಗೆಗಳ ಕುಲದಲ್ಲಿ ಚಿಕ್ಕ ಗಾತ್ರದ್ದು. ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಸುಮಾರು 40 ಸೆಂಟಿಮೀಟರ್ ಉದ್ದ, 250ರಿಂದ 350 ಗ್ರಾಂ ತೂಕ. ಹಣೆ, ನೆತ್ತಿ, ಗಂಟಲು ಹೊಳಪಿನ ಕಪ್ಪು. ಕತ್ತು ಮತ್ತು ಎದೆ ಬೂದು. ರೆಕ್ಕೆ, ಬಾಲ ಮತ್ತೆ ಕಪ್ಪು. ನೋಟದಿಂದ ಗಂಡು ಹೆಣ್ಣು ಯಾವುದೆಂದು ಹೇಳಲಾಗದು. ಬಂಗಾಳದಿಂದ ಹೋದ ಹಕ್ಕಿಯನ್ನು ನೋಡಿ ಫ್ರಾನ್ಸಿನ ಪಕ್ಷಿಶಾಸ್ತ್ರಜ್ಞ ವಿಯೆಯೋ 1817ರಲ್ಲಿ ಇದಕ್ಕೆ ಕಾರ್ವಸ್ ಸ್ಪ್ಲೆಂಡೆನ್ಸ್ ಎಂಬ ವೈಜ್ಞಾನಿಕ ಹೆಸರು ಕೊಟ್ಟ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ಬೆಳಗಿನ ಜಾವ ಮೊದಲು ಕಿವಿಗೆ ಬೀಳುವ ದನಿಗಳಲ್ಲಿ ಇದರದೂ ಒಂದು.

ಇದೇ ಬಡಾವಣೆಗಳಲ್ಲಿ ಇನ್ನೊಂದು ಕಾಗೆಯೂ ಇದೆ. ಕಾಡುಕಾಗೆ ಮೈಯೆಲ್ಲ ಕಪ್ಪು, ಗಾತ್ರದಲ್ಲಿ ದೊಡ್ಡದು, ಕೊಕ್ಕು ದಪ್ಪ, ದನಿ ಗಡಸು. ಲಾಲ್‌ಬಾಗ್, ದೊರೆಸಾನಿಪಾಳ್ಯದ ಅರಣ್ಯ ಸಂಶೋಧನಾ ಆವರಣ, ಕನಕಪುರ ರಸ್ತೆಯ ತುರಹಳ್ಳಿ ಕಾಡಿನಂಥ ಮರ ದಟ್ಟವಾಗಿರುವ ಕಡೆ ಅದು ಸಲೀಸಾಗಿ ಕಾಣುತ್ತದೆ. ಮನೆಗಳ ನಡುವೆಯೂ ಜೋಡಿಯಾಗಿ ಬಂದು ಹೋಗುತ್ತದೆ. ಗುಂಪು ಕಟ್ಟುವ ಹುರುಪು ಅದಕ್ಕೆ ಕಡಿಮೆ. ಮಡಿವಾಳ ಕೆರೆ, ಪುಟ್ಟೇನಹಳ್ಳಿ ಕೆರೆಗಳ ಕೊರಡಿನ ಮೇಲೆ ರೆಕ್ಕೆ ಹರಡಿ ಕೂರುವ ನೀರುಕಾಗೆಯಾಗಲಿ, ಪೊದೆಯೊಳಗೆ ನುಸುಳುವ ಕೆಂಪು ರೆಕ್ಕೆಯ ಸಂಬಾರಗಾಗೆಯಾಗಲಿ ಕಾಗೆಯ ನೆಂಟರೇ ಅಲ್ಲ. ನಿಜವಾದ ನೆಂಟ ಎಂದರೆ ಉದ್ದ ಬಾಲದ ಮಟಪಕ್ಷಿ. ಅದೂ ಲಾಲ್‌ಬಾಗಿನಲ್ಲಿ ಉಂಟು, ಆದರೆ ಅದನ್ನು ಕಾಗೆಯ ಜೊತೆ ಸೇರಿಸಿ ನೋಡುವವರು ಕಡಿಮೆ.

ಊರುಕಾಗೆಯ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು ಅದರ ನೆಲೆ. ಪಾಕಿಸ್ತಾನದಿಂದ ಮ್ಯಾನ್ಮಾರ್‌ವರೆಗೆ, ಹಿಮಾಲಯದ ತಪ್ಪಲಿನಿಂದ ಶ್ರೀಲಂಕಾದವರೆಗೆ ಇದು ಹರಡಿದೆ. ಇಷ್ಟು ವಿಶಾಲ ಪ್ರದೇಶದಲ್ಲಿ ಮನುಷ್ಯರ ಹಂಗಿಲ್ಲದೆ ಕಾಡಿನಲ್ಲೇ ಬದುಕುವ ಊರುಕಾಗೆಗಳ ಗುಂಪು ಎಲ್ಲೂ ಗೊತ್ತಾಗಿಲ್ಲ. ಹಳ್ಳಿಯಿದ್ದರೆ ಕಾಗೆಯಿದೆ, ಪೇಟೆ ಬೆಳೆದಂತೆ ಕಾಗೆಯೂ ಬೆಳೆಯುತ್ತದೆ. ಮಲೆನಾಡಿನ ಒಂಟಿಮನೆಗಳ ಸುತ್ತ ಕಾಡುಕಾಗೆಯದೇ ಕಾರುಬಾರು. ಸಾಲುಮನೆಯ ಪೇಟೆ ಬಂದಲ್ಲಿ ಬೂದುಗತ್ತಿನ ಹಕ್ಕಿ ಕಾಲಿಡುತ್ತದೆ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬೀಳುವ ಮೊದಲು ಈ ಭಾಗದಲ್ಲಿದ್ದದ್ದು ಹೊಲ, ತೋಪು, ಕೆರೆ, ಚಿಕ್ಕ ಹಳ್ಳಿಗಳು. ಬಡಾವಣೆಯ ಜೊತೆಗೆ ಬಂದ ಮಾರುಕಟ್ಟೆ, ಹೋಟೆಲು, ಕಸದ ತೊಟ್ಟಿ, ಸಾಲುಮರಗಳೆಲ್ಲ ಕಾಗೆಯ ಪಾಲಿಗೆ ಆಸ್ತಿಯಾದವು. ದಕ್ಷಿಣ ಬೆಂಗಳೂರಿನ ಕಾಗೆಯ ಕಥೆಯೆಂದರೆ ಮುಖ್ಯವಾಗಿ ಎಂಜಲು ಮತ್ತು ಎತ್ತರದ ಮರ, ಈ ಎರಡರ ಕಥೆ. ಎರಡನ್ನೂ ಬಳಸಿಕೊಳ್ಳಲು ಅದಕ್ಕಿರುವ ಉಪಾಯ ಬಳಗ.

ಕಾಗೆ ತಿನ್ನದ ವಸ್ತು ಕಡಿಮೆ. ಅನ್ನ, ಇಡ್ಲಿ, ಮೀನಿನ ಕರುಳು, ಕೋಳಿ ಅಂಗಡಿಯ ತ್ಯಾಜ್ಯ, ಸತ್ತ ಹೆಗ್ಗಣ, ಓತಿಕ್ಯಾತ, ಬೇವಿನ ಹಣ್ಣು, ಅತ್ತಿ ಹಣ್ಣು, ಮಿಡತೆ, ಬೇರೆ ಹಕ್ಕಿಯ ಮೊಟ್ಟೆ ಎಲ್ಲವೂ ಆದೀತು. ಮುಂಗಾರಿನ ಮೊದಲ ಮಳೆ ಬಿದ್ದು ರೆಕ್ಕೆಗೆದ್ದಲು ಏಳುವ ಸಂಜೆ ಗಾಳಿಯಲ್ಲೇ ಅವನ್ನು ಹಿಡಿಯಲು ಹೆಣಗುತ್ತದೆ; ಆ ಕೆಲಸದಲ್ಲಿ ಕಾಜಾಣದ ಚುರುಕು ಮಾತ್ರ ಅದಕ್ಕಿಲ್ಲ. ಒಣಗಿದ ಚಪಾತಿ ಚೂರು ಸಿಕ್ಕರೆ ತಾರಸಿಯ ನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ತಿನ್ನುತ್ತದೆ. ಹೆಚ್ಚಾದದ್ದನ್ನು ಸಜ್ಜೆಯ ಮೂಲೆಯಲ್ಲೋ ಹೂಕುಂಡದ ಮಣ್ಣಿನಲ್ಲೋ ಅಡಗಿಸಿ, ಮೇಲೊಂದು ಎಲೆ ಎಳೆದು ಹೋಗುತ್ತದೆ. ಬಚ್ಚಿಡುವಾಗ ಇನ್ನೊಂದು ಕಾಗೆ ನೋಡುತ್ತಿದ್ದರೆ ಜಾಗ ಬದಲಾಗುತ್ತದೆ. ಬೇವು, ಅರಳಿ, ಆಲದ ಬೀಜಗಳನ್ನು ಊರೆಲ್ಲ ಚೆಲ್ಲುವ ಹಕ್ಕಿಗಳಲ್ಲಿ ಕಾಗೆಯೂ ಸೇರಿದೆ. ಹಳೆ ಕಟ್ಟಡಗಳ ಗೋಡೆ ಸೀಳಿ ಅರಳಿ ಸಸಿ ಏಳುವುದರ ಹಿಂದೆ ಅದರ ಕೈವಾಡವೂ ಇರುತ್ತದೆ.

ಜಯನಗರ 4ನೇ ಬ್ಲಾಕಿನ ಸಂಕೀರ್ಣದ ಸುತ್ತಮುತ್ತ, ಮಡಿವಾಳ ಮಾರುಕಟ್ಟೆ, ಬಿಟಿಎಂನ ಪಿಜಿಗಳ ಹಿಂಬದಿಯ ಓಣಿ, ಬನಶಂಕರಿ ದೇವಸ್ಥಾನದ ಎದುರಿನ ರಸ್ತೆ ಇವೆಲ್ಲ ಕಾಗೆಗೆ ಊಟ ಖಾತ್ರಿಯಿರುವ ಬಗೆಯ ತಾಣಗಳು. ನಗರದಲ್ಲಿ 2012ರಿಂದ ಕಸ ವಿಂಗಡಣೆ ಕಡ್ಡಾಯವಾಯಿತು, ಮನೆ ಬಾಗಿಲಿಗೆ ಆಟೊ ಬರತೊಡಗಿತು, ಬೀದಿ ತೊಟ್ಟಿಗಳು ಒಂದೊಂದಾಗಿ ಮಾಯವಾದವು. ಆದರೂ ಮೂಲೆಮೂಲೆಗಳಲ್ಲಿ ಕಸದ ಗುಡ್ಡೆಗಳು ಉಳಿದೇ ಇವೆ. ಆಟೊ ಬರುವ ಹೊತ್ತನ್ನು ಮನೆಯವರಿಗಿಂತ ಚೆನ್ನಾಗಿ ಬಲ್ಲ ಕಾಗೆಗಳು ಬೀದಿಗಳಲ್ಲಿವೆ.

ಅಗುಳು ಕಂಡ ಕಾಗೆ ತನ್ನವರನ್ನೆಲ್ಲ ಕರೆಯುತ್ತದೆ ಎಂಬ ಮಾತು ಬಸವಣ್ಣನವರ ವಚನದಿಂದ ಕನ್ನಡಿಗರಿಗೆಲ್ಲ ಗೊತ್ತು. ಅದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ಒಂದೇ ತುತ್ತು ಸಿಕ್ಕಿದ ಕಾಗೆ ಸದ್ದಿಲ್ಲದೆ ಕಚ್ಚಿಕೊಂಡು ಹಾರುತ್ತದೆ. ಒಂದರ ಕೈಯಲ್ಲಿ ಮುಗಿಯದಷ್ಟು ತಿನಿಸಿದ್ದರೆ, ಅಥವಾ ಪಕ್ಕದಲ್ಲಿ ಬೆಕ್ಕೋ ನಾಯಿಯೋ ಇದ್ದರೆ ಕೂಗುತ್ತದೆ. ಹತ್ತು ಜೋಡಿ ಕಣ್ಣು ಕಾವಲಿಗಿದ್ದಾಗ ಪ್ರತಿಯೊಂದೂ ತಲೆತಗ್ಗಿಸಿ ತಿನ್ನಬಹುದು. ಹದ್ದಿನ ಬಾಯಿಂದ ಕಿತ್ತುಕೊಳ್ಳಲೂ ಸಂಖ್ಯೆ ಬೇಕು. ಹಂಚಿಕೊಳ್ಳುವುದರಲ್ಲಿ ಲಾಭ ಇದ್ದಾಗ ಹಂಚಿಕೊಳ್ಳುವುದು ಎಂದರೆ ಧರ್ಮ ಕಡಿಮೆಯಾದಂತೆ ಕಂಡೀತು, ಆದರೆ ಬಳಗ ಉಳಿದಿರುವುದು ಆ ಲೆಕ್ಕದ ಮೇಲೆಯೇ.

ಬಳಗದ ಒಳಗಿನ ಘಟಕ ಜೋಡಿ. ಕೂಡಿದ ಗಂಡುಹೆಣ್ಣು ಸಾಮಾನ್ಯವಾಗಿ ವರ್ಷದಿಂದ ವರ್ಷಕ್ಕೆ ಜೊತೆಗಿದ್ದು ಅದೇ ಬೀದಿಯನ್ನು ಹಿಡಿದಿರುತ್ತವೆ. ಮಧ್ಯಾಹ್ನದ ಬಿಸಿಲಲ್ಲಿ ಕೇಬಲ್ ತಂತಿಯ ಮೇಲೆ ಒತ್ತಿ ಕೂತು ಒಂದರ ಕತ್ತಿನ ಗರಿಯನ್ನು ಇನ್ನೊಂದು ನೇವರಿಸುವುದು ಈ ನಂಟಿನ ಗುರುತು. ಗುಂಪಿನಲ್ಲಿ ಮೇಲುಕೀಳೂ ಉಂಟು: ಯಾವುದು ಮೊದಲು ತಿನ್ನಬೇಕು, ಯಾವುದು ಸರಿಯಬೇಕು ಎಂಬುದು ಕೊಕ್ಕು ತಿವಿಯದೆಯೇ, ತಲೆ ಬಾಗಿಸುವ ಸನ್ನೆಯಲ್ಲೇ ತೀರ್ಮಾನವಾಗುತ್ತದೆ.

ಇಂಥ ಸಮಾಜವನ್ನು ಮೊದಲು ಆಳವಾಗಿ ಬರೆದಿಟ್ಟವನು ಆಸ್ಟ್ರಿಯಾದ ಕೊನ್ರಾಡ್ ಲೊರೆಂಝ್. ಅವನ ಹಕ್ಕಿ ಜ್ಯಾಕ್‌ಡಾ. ಊರುಕಾಗೆಗಿಂತಲೂ ಚಿಕ್ಕದು, ಅದಕ್ಕೂ ಕತ್ತು ಬೂದು, ಕಣ್ಣು ಮಾತ್ರ ಬೆಳ್ಳಗೆ. ಭಾರತದಲ್ಲಿ ಅದನ್ನು ನೋಡಬೇಕಾದರೆ ಕಾಶ್ಮೀರಕ್ಕೆ ಹೋಗಬೇಕು. ಆಲ್ಟೆನ್‌ಬರ್ಗಿನ ತನ್ನ ಮನೆಯ ಮಾಡಿನಲ್ಲೇ ಲೊರೆಂಝ್ ಜ್ಯಾಕ್‌ಡಾ ಬಳಗವೊಂದನ್ನು ನೆಲೆಗೊಳಿಸಿ ಅವುಗಳ ಜೋಡಿ, ಅಂತಸ್ತು, ಜಗಳಗಳನ್ನು ಗಮನಿಸಿದ. ಒಮ್ಮೆ ಜೇಬಿನಿಂದ ಕಪ್ಪು ಈಜುಚಡ್ಡಿಯನ್ನು ಎಳೆದಾಗ ಅವನನ್ನು ಚೆನ್ನಾಗಿ ಬಲ್ಲ ಹಕ್ಕಿಗಳೇ ಮೇಲೆರಗಿದವು: ಕೈಯಲ್ಲಿ ಕಪ್ಪಗೆ ಜೋತಾಡುವುದೆಲ್ಲ ಅವುಗಳ ಪಾಲಿಗೆ ಹಿಡಿಯಲ್ಪಟ್ಟ ಸಂಗಾತಿ. ಪ್ರಾಣಿವರ್ತನೆಯ ಅಧ್ಯಯನಕ್ಕೆ 1973ರಲ್ಲಿ ಸಂದ ನೊಬೆಲ್ ಪ್ರಶಸ್ತಿಯ ಮೂವರು ಪಾಲುದಾರರಲ್ಲಿ ಅವನೂ ಒಬ್ಬ. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ತಗುಲಿ ಬಿದ್ದ ಕಾಗೆಯನ್ನು ಯಾರಾದರೂ ಎತ್ತಿದೊಡನೆ ಹತ್ತಾರು ಕಾಗೆಗಳು ಸೇರಿ ಅಬ್ಬರಿಸುವುದು ಇದೇ ಬಗೆಯ ನಡವಳಿಕೆ. ಅದನ್ನು ಶೋಕವೆಂದು ಹೇಳುವ ರೂಢಿಯಿದೆ. ಅಮೆರಿಕದ ಕಾಗೆಗಳ ಮೇಲೆ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮಾಡಿದ ಪ್ರಯೋಗಗಳ ಪ್ರಕಾರ ಸತ್ತ ಕಾಗೆಯ ಸುತ್ತ ಸೇರುವುದು ಅಪಾಯ ಯಾವುದು, ಯಾರಿಂದ ಎಂದು ಕಲಿಯುವ ಸಂದರ್ಭ. ಅಪಾಯ ಒಡ್ಡಿದ ಮನುಷ್ಯನ ಮುಖವನ್ನು ಅವು ವರ್ಷಗಟ್ಟಲೆ ನೆನಪಿಡುತ್ತವೆ.

ಸೂರ್ಯ ಮುಳುಗುವ ಹೊತ್ತಿಗೆ ಕಾಗೆಗಳು ಸಾಲುಸಾಲಾಗಿ ಒಂದೇ ದಿಕ್ಕಿಗೆ ಹಾರುತ್ತವೆ. ಮೊದಲು ತಾರಸಿಯ ಸಿಂಟೆಕ್ಸ್ ತೊಟ್ಟಿ, ಮೊಬೈಲ್ ಗೋಪುರಗಳ ಮೇಲೆ ನೆರೆದು ಗದ್ದಲವೆಬ್ಬಿಸಿ, ಕತ್ತಲಾಗುವಾಗ ದಟ್ಟ ಹಂದರದ ಮರಗಳಿಗೆ ಇಳಿಯುತ್ತವೆ. ಬೀದಿದೀಪ, ವಾಹನದ ಸದ್ದು ಅವಕ್ಕೆ ತೊಡಕಲ್ಲ. ಬೆಳಕಿದ್ದರೆ ಗೂಬೆಯ ಭಯ ಕಡಿಮೆ. ನೂರಾರು ಹಕ್ಕಿ ಒಟ್ಟಿಗೆ ಮಲಗುವುದೇಕೆ ಎಂಬುದಕ್ಕೆ ಭದ್ರತೆ ಒಂದು ಉತ್ತರ. ಇನ್ನೊಂದು ಉತ್ತರವನ್ನು 1973ರಲ್ಲಿ ಪೀಟರ್ ವಾರ್ಡ್ ಮತ್ತು ಅಮೋಟ್ಸ್ ಜಹಾವಿ ಮುಂದಿಟ್ಟರು: ಇಂಥ ತಂಗುದಾಣ ಸುದ್ದಿಯ ಕೇಂದ್ರ, ಇಂದು ಹೊಟ್ಟೆ ತುಂಬಿದ ಹಕ್ಕಿಯನ್ನು ನಾಳೆ ಹಸಿದ ಹಕ್ಕಿ ಹಿಂಬಾಲಿಸುತ್ತದೆ. ಕಾಗೆಯ ದೊಡ್ಡ ದಾಯಾದಿಯಾದ ರೇವನ್‌ಗಳಲ್ಲಿ ಇದಕ್ಕೆ ಪುರಾವೆಯೂ ಸಿಕ್ಕಿದೆ. ಮದುವೆ ಛತ್ರಗಳ ಹಿಂದಿನ ಎಲೆರಾಶಿಗೆ ಮರುದಿನ ಬೆಳಗ್ಗೆ ದೂರದ ಕಾಗೆಗಳೂ ಹಾಜರಾಗುವುದನ್ನು ನೋಡಿದರೆ ಆ ಊಹೆಯನ್ನು ತಳ್ಳಿಹಾಕುವುದು ಕಷ್ಟ.

ಬೆಂಗಳೂರಿನಲ್ಲಿ ಗೂಡಿನ ಕಾಲ ಬೇಸಿಗೆಯಲ್ಲಿ ಶುರುವಾಗಿ ಮುಂಗಾರಿನವರೆಗೆ ನಡೆಯುತ್ತದೆ. ಕವಲೊಡೆದ ಎತ್ತರದ ಕೊಂಬೆ ಬೇಕು. ಮಳೆಮರ, ಹೊಂಗೆ, ಮಹಾಗನಿ, ಮಾವು, ತೆಂಗು ಯಾವುದಾದರೂ ಸರಿ. ಈ ಮರಗಳಲ್ಲಿ ಹಲವಕ್ಕೆ ತಮ್ಮದೇ ಚರಿತ್ರೆಯಿದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಹಕ್ಕಿಗೆಂದು ನೆಟ್ಟದ್ದಲ್ಲವಾದರೂ ಅಂದಿನ ಸಸಿಗಳು ಇಂದು ಗೂಡು ಹೊರುತ್ತಿವೆ. ಗೂಡಿನ ಹೊರಕಟ್ಟಿಗೆ ಕಡ್ಡಿ, ಒಳಹಾಸಿಗೆ ತೆಂಗಿನ ನಾರು, ಕೂದಲು, ಬಟ್ಟೆ ಚಿಂದಿ. ಮನೆ ಕಟ್ಟುವ ಕೆಲಸ ನಿಲ್ಲದ ಬಡಾವಣೆಗಳಲ್ಲಿ ಕಡ್ಡಿಯ ಜಾಗಕ್ಕೆ ಬೈಂಡಿಂಗ್ ವೈರ್ ಬಂದಿದೆ. ಸೆಂಟ್ರಿಂಗ್ ಕೆಲಸದವರು ಬಿಟ್ಟುಹೋದ ತುಂಡುಗಳನ್ನು ಬಾಗಿಸಿ ಹೆಣೆದ ಗೂಡು ಗಾಳಿಮಳೆಗೆ ಜಗ್ಗದು. ಆದರೆ ಅದನ್ನೇ ವಿದ್ಯುತ್ ಕಂಬದ ಮೇಲೆ ಕಟ್ಟಿದರೆ ಶಾರ್ಟ್ ಸರ್ಕ್ಯೂಟ್ ಖಂಡಿತ. ಹಾಗಾಗಿ ಲೈನ್‌ಮನ್‌ಗಳಿಗೂ ಕಾಗೆಗೂ ಹಳೆಯ ವೈರ.

ಹೆಣ್ಣು ಮೂರರಿಂದ ಐದು ಮೊಟ್ಟೆ ಇಡುತ್ತದೆ. ತಿಳಿ ಹಸಿರುನೀಲಿಯ ಮೇಲೆ ಕಂದು ಚುಕ್ಕೆ. ಕಾವು ಸುಮಾರು 16–17 ದಿನ, ಮರಿ ಗೂಡು ಬಿಡಲು ಮತ್ತೆ ಮೂರು ನಾಲ್ಕು ವಾರ. ಕಟ್ಟುವುದು, ಕಾಯುವುದು, ಉಣಿಸುವುದು ಎಲ್ಲದರಲ್ಲೂ ಇಬ್ಬರ ಪಾಲಿದೆ, ಕಾವಿನಲ್ಲಿ ಹೆಣ್ಣಿನದು ಹೆಚ್ಚು.

ಇಷ್ಟು ಜಾಗರೂಕ ಹಕ್ಕಿಯನ್ನು ಪ್ರತಿವರ್ಷ ಮೋಸಗೊಳಿಸುವುದು ಕೋಗಿಲೆ. ಯುಗಾದಿಯ ಆಸುಪಾಸಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ನಿದ್ದೆ ಕೆಡಿಸುವ ಏರುದನಿ ಕೆಂಗಣ್ಣಿನ ಕಪ್ಪು ಗಂಡಿನದು; ಹೆಣ್ಣು ಕಂದು ಮೈಯ ಚುಕ್ಕೆಗಳ ಹಕ್ಕಿ, ಎಲೆಮರೆಯಲ್ಲಿ ಕೂತರೆ ಗುರುತು ಸಿಗದು. ಕೋಗಿಲೆ ಗೂಡು ಕಟ್ಟುವುದಿಲ್ಲ. ಗಂಡನ್ನು ಕಂಡು ಕಾಗೆಗಳು ಅಟ್ಟಿಕೊಂಡು ಹೋದ ಹೊತ್ತಿನಲ್ಲಿ ಹೆಣ್ಣು ನುಗ್ಗಿ ಮೊಟ್ಟೆಯಿಟ್ಟು ಜಾರಿಕೊಳ್ಳುತ್ತದೆ. ಒಂದೇ ಗೂಡಿನಲ್ಲಿ ಒಂದಕ್ಕಿಂತ ಹೆಚ್ಚು ಕೋಗಿಲೆ ಮೊಟ್ಟೆಗಳೂ ಸಿಗುತ್ತವೆ. ಗಾತ್ರ ಚಿಕ್ಕದಾದರೂ ಬಣ್ಣದಲ್ಲಿ ಕಾಗೆಯ ಮೊಟ್ಟೆಗೆ ಹತ್ತಿರ. ಕಾವಿನ ಅವಧಿ 12ರಿಂದ 14 ದಿನವಾದ್ದರಿಂದ ಕೋಗಿಲೆ ಮರಿ ಕೆಲವು ದಿನ ಮುಂಚೆಯೇ ಹೊರಬಂದು ಬಾಯಿ ತೆರೆದಿರುತ್ತದೆ. ಯುರೋಪಿನ ಕುಕೂ ಮರಿಯಂತೆ ಇದು ಸಾಕುತಾಯಿಯ ಮೊಟ್ಟೆಗಳನ್ನು ಬೆನ್ನಿನಿಂದ ನೂಕಿ ಬೀಳಿಸುವುದಿಲ್ಲ. ಕಾಗೆ ಮರಿಗಳ ಜೊತೆಯಲ್ಲೇ ಬೆಳೆಯುತ್ತದೆ, ತುತ್ತಿನ ಸಿಂಹಪಾಲು ಮಾತ್ರ ತನ್ನದು ಮಾಡಿಕೊಳ್ಳುತ್ತದೆ. ಎಳೆಯ ಕೋಗಿಲೆಯ ಮೈ ಕಪ್ಪಾಗಿರುವುದೂ ಈ ಬದುಕಿಗೆ ಅನುಕೂಲ.

ಮುಖ ನೆನಪಿಡುವ, ತಿನಿಸು ಬಚ್ಚಿಡುವ ಹಕ್ಕಿ ಮೊಟ್ಟೆ ಗುರುತಿಸುವಲ್ಲಿ ಸೋಲುವುದೇಕೆ? ಕೋಗಿಲೆ ಇದ್ದರೂ ಒಂದೆರಡು ಸ್ವಂತ ಮರಿ ಉಳಿಯುವುದರಿಂದ ನಷ್ಟ ಪೂರ್ತಿಯಲ್ಲ. ತಪ್ಪು ತಿಳಿದು ಸ್ವಂತ ಮೊಟ್ಟೆಯನ್ನೇ ಎಸೆದರೆ ಆಗುವ ನಷ್ಟ ದೊಡ್ಡದು. ಈ ಲೆಕ್ಕಾಚಾರ ಒಪ್ಪುವಂಥದ್ದು. ಕಾಗೆಯ ಜಾಣತನವೆಲ್ಲ ಗೂಡಿನ ಹೊರಗೆ ಖರ್ಚಾಗುತ್ತದೆ: ಕೋಗಿಲೆಯನ್ನು ಕಂಡಲ್ಲಿ ಅಟ್ಟುವುದೇ ಅದರ ರಕ್ಷಣೆ. ಕಾಗೆ ಮಾತ್ರವಲ್ಲ, ಬಾಂಗ್ಲಾದೇಶದಲ್ಲಿ ನಡೆದ ಅಧ್ಯಯನಗಳಲ್ಲಿ ಮೈನಾ ಮತ್ತು ಕಳಿಂಗ ಹಕ್ಕಿಯ ಗೂಡುಗಳಲ್ಲೂ ಕೋಗಿಲೆ ಮೊಟ್ಟೆಗಳು ಸಿಕ್ಕಿವೆ. 2023ರ ದೇಶವ್ಯಾಪಿ ಪಕ್ಷಿಸ್ಥಿತಿ ವರದಿಯಲ್ಲಿ ಸಂಖ್ಯೆ ಏರುತ್ತಿರುವ ಹಕ್ಕಿಗಳ ಸಾಲಿನಲ್ಲಿ ಕೋಗಿಲೆಯ ಹೆಸರಿದೆ. ಮೊಟ್ಟೆ ಕಾಯುವವರಿಲ್ಲದೆ ಆ ಏರಿಕೆ ಆಗಲಾರದು.

ಏಪ್ರಿಲ್‌ನಿಂದ ಜೂನ್‌ವರೆಗೆ ದಾರಿಹೋಕರ ತಲೆಗೆ ಕಾಗೆ ಕುಕ್ಕುವುದು ಗೂಡಿನ ಕಾಲದ ಇನ್ನೊಂದು ಸಂಗತಿ. ಹಾರಲು ಕಲಿಯದ ಮರಿ ಕಾಂಪೌಂಡಿನೊಳಗೋ ಕಾರಿನ ಕೆಳಗೋ ಕೂತಿರುತ್ತದೆ. ಹತ್ತಿರ ಬಂದವರೆಲ್ಲ ಶತ್ರುಗಳೆಂದು ತಂದೆತಾಯಿ ಹಿಂದಿನಿಂದ ಎರಗುತ್ತವೆ. ಕಾಗೆ ಶನಿದೇವರ ವಾಹನವಾದ್ದರಿಂದ ತಲೆಗೆ ಬಡಿದರೆ ಕೇಡೆಂದು ಶಾಂತಿ ಮಾಡಿಸುವವರಿದ್ದಾರೆ. ಎರಡು ವಾರ ಆ ಮರದಡಿ ಕೊಡೆ ಹಿಡಿದು ನಡೆದರೆ ಕೇಡು ತಾನೇ ಕಳೆಯುತ್ತದೆ. 2016ರ ಜೂನ್‌ನಲ್ಲಿ ಮುಖ್ಯಮಂತ್ರಿಗಳ ಕಾರಿನ ಮೇಲೆ ಕಾಗೆಯೊಂದು ಕೂತು ಹಾರದೆ ಉಳಿದಾಗ ಟಿವಿ ವಾಹಿನಿಗಳು ದಿನವಿಡೀ ಅದನ್ನೇ ಚರ್ಚಿಸಿದವು; ಬಳಿಕ ಹೊಸ ಕಾರು ಬಂದಾಗ ಅದಕ್ಕೂ ಕಾಗೆಗೂ ಸಂಬಂಧವಿಲ್ಲವೆಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಇದೇ ಹಕ್ಕಿಗೆ ಪಿತೃಪಕ್ಷದಲ್ಲಿ ರಾಜಮರ್ಯಾದೆ. ಮಹಾಲಯ ಅಮಾವಾಸ್ಯೆಯ ದಿನ ತಾರಸಿಯ ಮೇಲೆ ಎಲೆ ಹಾಕಿ ವಡೆ, ಪಾಯಸ, ಅನ್ನ ಇಟ್ಟು ಕಾಗೆ ಮುಟ್ಟಲಿ ಎಂದು ಮನೆಯವರು ಕಾಯುತ್ತಾರೆ. ಅಂದು ಪ್ರತಿ ತಾರಸಿಯಲ್ಲೂ ಎಲೆಯಿರುವುದರಿಂದ ಹೊಟ್ಟೆ ತುಂಬಿದ ಕಾಗೆ ತಡವಾಗಿ ಬಂದರೆ ಹಿರಿಯರು ಮುನಿದಿದ್ದಾರೆಂದು ತಿಳಿಯಬೇಕಿಲ್ಲ.

ಊರುಕಾಗೆಯ ಬುದ್ಧಿಯ ಬಗ್ಗೆ ಹೇಳುವ ಬಹಳಷ್ಟು ಮಾತುಗಳು ಅದರ ದಾಯಾದಿಗಳಿಂದ ಎರವಲು ತಂದವು. ಹೂಜಿಗೆ ಕಲ್ಲು ಹಾಕಿ ನೀರು ಮೇಲೆ ತರುವ ಕಥೆಯನ್ನು 2009ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯದಲ್ಲಿ ನಿಜ ಮಾಡಿ ತೋರಿಸಿದ್ದು ರೂಕ್ ಎಂಬ ಕಾಗೆ. ಕಡ್ಡಿಯನ್ನು ಕೊಕ್ಕೆ ಮಾಡಿ ಹುಳ ತೆಗೆಯುವುದು ನ್ಯೂ ಕ್ಯಾಲೆಡೋನಿಯಾ ದ್ವೀಪದ ಕಾಗೆ. ಊರುಕಾಗೆ ಪ್ರಯೋಗಾಲಯಕ್ಕೆ ಹೋದದ್ದು ಕಡಿಮೆ. ಅದರ ಪರೀಕ್ಷೆ ನಡೆಯುವುದು ಬೀದಿಯಲ್ಲಿ, ಹಾಲಿನ ಪ್ಯಾಕೆಟ್ ಮತ್ತು ಕಸದ ಚೀಲಗಳ ಮೇಲೆ.

ಕಾಗೆಯ ವಿರುದ್ಧದ ದೂರುಗಳಲ್ಲಿ ಒಂದು ಗಟ್ಟಿಯಾದದ್ದು. ಪಿಕಳಾರ, ಸೂರಕ್ಕಿ, ಗುಬ್ಬಿಗಳ ಮೊಟ್ಟೆ ಮರಿಗಳನ್ನು ಅದು ತಿನ್ನುತ್ತದೆ, ಮತ್ತು ಎಂಜಲಿನ ಬಲದಿಂದ ಸಂಖ್ಯೆ ಹೆಚ್ಚಾದಾಗ ಆ ಒತ್ತಡವೂ ಹೆಚ್ಚುತ್ತದೆ. ತನ್ನದಲ್ಲದ ನಾಡಿನಲ್ಲಿ ಇದು ಪಿಡುಗೇ ಆಗಿದೆ. 1890ರ ದಶಕದಲ್ಲಿ ಕಸ ತಿನ್ನಲೆಂದು ಜಾಂಜಿಬಾರ್ ದ್ವೀಪಕ್ಕೆ ಒಯ್ದ ಕಾಗೆಗಳ ಸಂತತಿ ಪೂರ್ವ ಆಫ್ರಿಕಾದ ಕರಾವಳಿಯನ್ನೆಲ್ಲ ಹಿಡಿದಿದೆ; 2024ರಲ್ಲಿ ಕೆನ್ಯಾದ ವನ್ಯಜೀವಿ ಇಲಾಖೆ ಹತ್ತು ಲಕ್ಷ ಕಾಗೆಗಳನ್ನು ಕೊಲ್ಲುವ ಯೋಜನೆ ಪ್ರಕಟಿಸಿತು. ಹಡಗಿನಲ್ಲಿ ಕೂತು ಸಮುದ್ರ ದಾಟುವುದೂ ಇದಕ್ಕೆ ಸಾಧ್ಯ. 1994ರಲ್ಲಿ ನೆದರ್‌ಲೆಂಡ್ಸ್‌ನ ಬಂದರೊಂದಕ್ಕೆ ಎರಡು ಕಾಗೆಗಳು ಬಂದಿಳಿದು ಸಂಸಾರ ಹೂಡಿದವು. ನಮ್ಮಲ್ಲಿ ಪರಿಸ್ಥಿತಿ ಬೇರೆ: ಇಲ್ಲಿ ಹದ್ದು, ಗೂಬೆ, ಬೆಕ್ಕು, ಕೋಗಿಲೆಗಳ ಅಂಕೆ ಹಿಂದಿನಿಂದಲೂ ಇದೆ.

ರೋಗದ ಸುದ್ದಿಯಲ್ಲೂ ಕಾಗೆಗೆ ಜಾಗವಿದೆ. 2021ರ ಜನವರಿಯಲ್ಲಿ ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ಹಕ್ಕಿಜ್ವರ ಬಯಲಾದದ್ದು ಸತ್ತು ಬಿದ್ದ ಕಾಗೆಗಳಿಂದ. ಕೋಳಿಫಾರಂ ಇಲ್ಲದ ಬಡಾವಣೆಯಲ್ಲೂ ಒಮ್ಮೆಗೇ ಹಲವು ಕಾಗೆ ಸತ್ತರೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು, ಬರಿಗೈಯಲ್ಲಿ ಮುಟ್ಟಬಾರದು. ಕಾನೂನಿನಲ್ಲಿ ಕಾಗೆ 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಐದನೇ ಪರಿಚ್ಛೇದದಲ್ಲಿ, ಇಲಿ ಹೆಗ್ಗಣಗಳ ಸಾಲಿನಲ್ಲಿ ಉಪದ್ರವಿಯೆಂದು ದಶಕಗಳ ಕಾಲ ಇತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು.

ದಕ್ಷಿಣ ಬೆಂಗಳೂರಿನಲ್ಲಿ ಕಾಗೆ ಕಡಿಮೆಯಾಗುತ್ತಿದೆಯೇ ಎಂಬ ಪ್ರಶ್ನೆ ಹಿರಿಯ ನಿವಾಸಿಗಳ ಬಾಯಲ್ಲಿ ಆಗಾಗ ಬರುತ್ತದೆ. ಕಡಿಮೆಯಾಗಲು ಕಾರಣಗಳಿವೆ. 2009ರಲ್ಲಿ ಮೆಟ್ರೊ ಕಾಮಗಾರಿಗಾಗಿ ಜಯನಗರದ ಲಕ್ಷ್ಮಣರಾವ್ ಬೌಲೆವಾರ್ಡ್‌ನ ಮರಗಳು ಜನರ ಪ್ರತಿಭಟನೆಯ ನಡುವೆ ಉರುಳಿದವು. ಅಲ್ಲಿಂದೀಚೆಗೆ ರಸ್ತೆ ಅಗಲಿಸಲು, ಬೇಸ್‌ಮೆಂಟ್ ಅಗೆಯಲು ಮರ ಹೋಗುತ್ತಲೇ ಇವೆ. ಹಿತ್ತಿಲಿದ್ದ ಮನೆಗಳ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿವೆ, ಬಾಲ್ಕನಿಗಳನ್ನು ಪಾರಿವಾಳ ಹಿಡಿದಿದೆ. ಮಾಂಜಾ ದಾರ ಮರಗಳಲ್ಲಿ ಜೋತಿರುತ್ತದೆ. ಹೆಚ್ಚಾಗಲು ಕಾರಣಗಳೂ ಅಷ್ಟೇ ಇವೆ, ಕಸದ ರಾಶಿ ಅದರಲ್ಲಿ ಮೊದಲನೆಯದು. ಬೀದಿಗೊಂದು ಅನಿಸಿಕೆಯಿಂದ ಇದನ್ನು ತೀರ್ಮಾನಿಸಲಾಗದು, ಎಣಿಕೆ ಬೇಕು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿ ಎಣಿಕೆಯಲ್ಲಿ ಯಾರು ಬೇಕಾದರೂ ಕಾಲು ಗಂಟೆ ನಿಂತು, ಕಂಡ ಹಕ್ಕಿಗಳನ್ನು ಇಬರ್ಡ್ ತಾಣದಲ್ಲಿ ದಾಖಲಿಸಬಹುದು. ಅಲ್ಲಿ ಸಂಖ್ಯೆಯ ಬದಲು ಎಕ್ಸ್ ಗುರುತು ಹಾಕಲೂ ಅವಕಾಶವಿದೆ. ಅದರರ್ಥ ಹಕ್ಕಿ ಕಂಡಿದೆ, ಎಣಿಸಿಲ್ಲ ಎಂದು. ಅಪರೂಪದ ಹಕ್ಕಿಯನ್ನು ಒಂದೊಂದಾಗಿ ಎಣಿಸಿ ಕಾಗೆಯ ಮುಂದೆ ಎಕ್ಸ್ ಬರೆಯುವ ಅಭ್ಯಾಸದಿಂದ ಏನೂ ತಿಳಿಯದು. ಮುಂದಿನ ಫೆಬ್ರವರಿಯಲ್ಲಿ ತಾರಸಿಗೆ ಹೋಗುವವರು ದಯವಿಟ್ಟು ಕಾಗೆಯ ಮುಂದೆ ಅಂಕಿ ಬರೆಯಿರಿ.